ಗೋಡೆಯ ಮೇಲೆ ಏರಿದ ಬೆಳಕು

ಅಯ್ಯಣ್ಣನನ್ನು ಮಣ್ಣು ಮಾಡಿ ಬಂದು ಇನ್ನೂ ತಿಂಗಳಾಗಿಲ್ಲ. ಆ ದಿನ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಅರುಣಕುಮಾರ. ಸುರಪುರದಿಂದ ಬಂದ ನೆಂಟರೊಬ್ಬರು, "ಈ ಹುಡುಗ ಯಾರ ಪೈಕಿರಿ?" ಎಂದು ನನ್ನನ್ನು ಕೇಳಿದರು. ಅಯ್ಯಣ್ಣನ ಗಾಡಿಯ ಬೆಳಕು ಕಣ್ಣಿಗೆ ಹೊಡೆದು ಗದ್ದೆಗೆ ಬಿದ್ದವನು ಎಂದು ಅಲ್ಲಿ ನಿಂತು ಹೇಗೆ ಹೇಳಲಿ? ಅದನ್ನು ಮೊದಲಿನಿಂದ ಹೇಳಬೇಕು.

ಅಯ್ಯಣ್ಣ ಶಹಾಪುರದಲ್ಲಿ ಪಿಕಪ್ ಗಾಡಿ ಓಡಿಸುತ್ತಿದ್ದ. ಹತ್ತಿಯ ಕಾಲ ಬಂದರೆ ನಸುಕಿನಲ್ಲೇ ಹೆಂಗಸರನ್ನು ಹಿಂದೆ ತುಂಬಿಕೊಂಡು ದೋರನಹಳ್ಳಿ ಕಡೆಯ ಹೊಲಗಳಿಗೆ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ಮನುಷ್ಯನಿಗೆ ಬೆಳಕಿನ ಹುಚ್ಚು. ದಾರಿಯ ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳಿರುವುದರಿಂದ ಚಳಿಗಾಲದಲ್ಲಿ ಮಂಜು ದಟ್ಟವಾಗಿ ಕೂರುತ್ತದೆ. ಅದಕ್ಕೆಂದೇ ಬಂಪರಿನ ಮೇಲೆ ಎರಡು ಹಳದಿ ದೀಪ ಕೂರಿಸಿದ್ದ.

"ನೋಡೋ ಸಂಗ್ಯಾ," ಎನ್ನುತ್ತಿದ್ದ ನನಗೆ. "ಮಂಜಿನಾಗ ಬಿಳಿ ಬೆಳಕ ಹಾಕಿದ್ರ ಎದುರಿಗೆ ಗ್ವಾಡಿ ಎದ್ದಂಗ ಆಗ್ತದ. ಹಳದಿ ಹಾಕಿದ್ರ ರಸ್ತಾ ತಾನಾ ಬಂದು ಕಾಲಾಗ ಬೀಳ್ತದ."

ಆ ದೀಪಗಳನ್ನು ಹೊಂದಿಸುವುದು ಅವನಿಗೆ ಆಯುಧ ಪೂಜೆಯ ಭಾಗ. ಆ ದಿನ ಗಾಡಿಯನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಹೊತ್ತು ಮುಳುಗಿದ ಮೇಲೆ ಮನೆಯೆದುರಿನ ಬಯಲಿಗೆ ತರುತ್ತಿದ್ದ. ಬಯಲಿನಾಚೆ ಹತ್ತಿ ಮಿಲ್ಲಿನ ಉದ್ದನೆಯ ಗೋಡೆ. ಅದರ ಮೇಲೆ ತಾನೇ ಡಾಂಬರಿನಲ್ಲಿ ಒಂದು ಗೆರೆ ಎಳೆದಿದ್ದ. ಬೆಳಕು ಆ ಗೆರೆಯನ್ನು ದಾಟದಂತೆ ತಿರುಪು ತಿರುಗಿಸಿ ಬಿಗಿ ಮಾಡಿದ ಮೇಲೆಯೇ ಹೋಳಿಗೆ ಊಟ. ಎದುರಿನಿಂದ ಬರುವವರು ದೀಪ ಮಿಣುಕಿಸಿ ಬೈದರೆ, "ಅವರ ಕಣ್ಣಾ ಕೆಟ್ಟಾವ, ನನ್ನ ಲೈಟ್ ಗೆರಿಗಿ ಸರಿ ಅದಾವ," ಎಂದು ನಗುತ್ತಿದ್ದ.

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ನಸುಕು. ಹೆಂಗಸರ ಗುಂಪಿನ ಹಿರಿಯಳು ಮರಿಲಿಂಗಮ್ಮ. ಅವಳ ಅಳಿಯ ಅರುಣಕುಮಾರ ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ವಾರದ ರಜೆಗೆಂದು ಬೈಕಿನಲ್ಲಿ ಶಹಾಪುರಕ್ಕೆ ಬರುತ್ತಿದ್ದ. ಮಂಜಿನೊಳಗಿಂದ ಬೆಳಕು ನೇರ ಕಣ್ಣಿಗೆ ಹೊಡೆಯಿತು. ರಸ್ತೆಯ ಅಂಚು ಎಲ್ಲಿದೆ ಎಂಬುದೇ ತಿಳಿಯದೆ ಗದ್ದೆಯ ಕೆಸರಿಗೆ ಬಿದ್ದ. ಮುಂಗೈ ಮುರಿಯಿತು. ಹಾದುಹೋದ ಗಾಡಿ ನಿಲ್ಲಲಿಲ್ಲ. ಅದರೊಳಗಿದ್ದ ಯಾರಿಗೂ ಅವನು ಬಿದ್ದದ್ದು ಗೊತ್ತಾಗಿರಲಿಲ್ಲ. ಆದರೆ ಆ ಎರಡು ಹಳದಿ ದೀಪಗಳ ಗುರುತು ಅವನಿಗೆ ಸಿಕ್ಕಿತ್ತು. ಆ ಗಾಡಿಯ ಹಿಂಬದಿಯಲ್ಲಿ ಅವನ ಹೆಂಡತಿ ಪಂಚಶೀಲಾ ತನ್ನ ತಾಯಿಯ ಪಕ್ಕ ತೂಕಡಿಸುತ್ತ ಕುಳಿತಿದ್ದಳು.

ಮರುದಿನ ಅಯ್ಯಣ್ಣ ಆ ಹೆಂಗಸರ ಓಣಿಗೆ ಹೋಗಿ ಹಾರ್ನ್ ಹೊಡೆದ. ಒಬ್ಬರೂ ಬರಲಿಲ್ಲ. ಮರಿಲಿಂಗಮ್ಮ ಬಾಗಿಲಲ್ಲೇ ನಿಂತು, "ನಸೀರುದ್ದೀನನ ಗಾಡಿಗೆ ಹೇಳೀವಿ. ನಮ್ಮ ಅಳಿಯನ್ನ ಕೆಡವಿದ ನಿನ್ನ ಗಾಡಿ ಹತ್ತಂಗಿಲ್ಲಪ," ಎಂದಳಂತೆ.

ಏಳೆಂಟು ವರ್ಷದಿಂದ ಅವರ ಮದುವೆ, ಆಸ್ಪತ್ರೆ, ಹೆರಿಗೆ ಎಲ್ಲದಕ್ಕೂ ಓಡಿದ ಗಾಡಿ ಅದು. ಅಯ್ಯಣ್ಣ ನೇರ ನನ್ನ ಮನೆಗೆ ಬಂದ. ಚಹಾ ಕುಡಿಯಲಿಲ್ಲ. "ನಾ ಅವನ್ನ ಕೆಡವಿಲ್ಲೋ. ಗೆರಿ ಸುಳ್ಳ ಹೇಳ್ತದೇನು? ಇವತ್ತ ಸಂಜಿಗಿ ಎಲ್ಲಾರನೂ ಕರಿ, ತೋರಸ್ತೀನಿ," ಎಂದ.

ಬಂದರು. ಮರಿಲಿಂಗಮ್ಮ ಬಂದಳು, ಹೊಲದಿಂದ ನಸೀರುದ್ದೀನನ ಗಾಡಿಯಲ್ಲಿ ಇಳಿದ ಹೆಂಗಸರೆಲ್ಲ ಹಾಗೆಯೇ ಬಂದರು. ಅರುಣಕುಮಾರ ಕೈಗೆ ಪಟ್ಟಿ ಕಟ್ಟಿಕೊಂಡು ಬಂದ; ಹ್ಯಾಂಡಲ್ ಸೊಟ್ಟಗಾದ ಅವನ ಬೈಕನ್ನು ಯಾರೋ ತಳ್ಳಿಕೊಂಡು ಬಂದು ಮಿಲ್ಲಿನ ಗೋಡೆಗೆ ನಿಲ್ಲಿಸಿದರು. ಓಣಿಗೆ ಓಣಿಯೇ ಬಯಲಿನಲ್ಲಿ ನೆರೆದಿತ್ತು. ಸ್ಟೇರಿಂಗ್ ಹಿಂದೆ ಅಯ್ಯಣ್ಣ ನನ್ನನ್ನು ಕೂರಿಸಿದ. ನಾನು ಗುಂಡಿ ಒತ್ತಿದೆ. ಬೆಳಕು ಗೋಡೆಯ ಮೇಲೆ ಗೆರೆಗೆ ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಮೇಲಿಲ್ಲ.

"ನೋಡ್ರಿ," ಎಂದ ಅಯ್ಯಣ್ಣ. "ಈ ಬೆಳಕ ಮನಶ್ಯಾನ ಸೊಂಟಾ ದಾಟಂಗಿಲ್ಲ. ಕಣ್ಣಿಗಿ ಹ್ಯಾಂಗ ಹೊಡೀತದ?"

"ಕಾಕಾ, ನನ್ನ ಕಣ್ಣಿಗೇ ಹೊಡದದ," ಎಂದ ಅರುಣಕುಮಾರ.

"ಮತ್ತ ನೀ ಗಾಡಿ ಮ್ಯಾಲ ಮಲಕೊಂಡ ಬರಾಕತ್ತಿದ್ದೇನು ತಮ್ಮಾ?"

ಜನ ನಕ್ಕರು. ಅರುಣಕುಮಾರನ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯಿತು. ದಿನವಿಡೀ ಬಗ್ಗಿ ಹತ್ತಿ ಬಿಡಿಸಿದ್ದ ಹೆಂಗಸರಿಗೆ ನಿಂತು ನಿಂತು ಸಾಕಾಗಿತ್ತು. "ಈ ಗಂಡಸರದು ಮುಗಿಯಂಗಿಲ್ಲ ಬಾರವ್ವಾ," ಎನ್ನುತ್ತ ಚಮನಬೀ ಗಾಡಿಯ ಹಿಂದಕ್ಕೆ ಹತ್ತಿ ಕುಳಿತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಉಳಿದವರೂ, ಅಭ್ಯಾಸಬಲದಿಂದ, ದಿನಾ ಕೂರುವ ಜಾಗಗಳಲ್ಲೇ ಕುಳಿತರು. ನನ್ನ ಸೀಟಿನ ಹಿಂದೆ ಗಾಡಿಯ ಸ್ಪ್ರಿಂಗ್ ಪಾಟಿಗಳು ಕಿರುಗುಟ್ಟಿದವು.

ಹತ್ತದೆ ನಿಂತಿದ್ದವರು ಪಂಚಶೀಲಾ ಮತ್ತು ಅವಳ ತಾಯಿ ಇಬ್ಬರೇ. ಪಂಚಶೀಲಾಳೇ ಮೊದಲು ಕಂಡದ್ದು.

"ಗ್ವಾಡಿ ನೋಡ್ರಿ," ಎಂದಳು.

ಬೆಳಕು ಗೆರೆಯನ್ನು ಬಿಟ್ಟು ಮೊಳದಷ್ಟು ಮೇಲೆ ಹೋಗಿತ್ತು.

ಹಿಂದೆ ಭಾರ ಬಿದ್ದರೆ ಗಾಡಿಯ ಮೂತಿ ಏಳುತ್ತದೆ. ಪ್ರತಿ ವರ್ಷ ಅಯ್ಯಣ್ಣ ದೀಪ ಹೊಂದಿಸಿದ್ದು ತೊಳೆದು ಹಾರ ಹಾಕಿದ ಖಾಲಿ ಗಾಡಿಗೆ. "ಎಲ್ಲಾರೂ ಇಳೀರಿ," ಎಂದು ಹೇಳಿ ಅವನು ಗೋಡೆಯ ಕಡೆ ನಡೆದ. ಅರುಣಕುಮಾರನ ಸೊಟ್ಟ ಬೈಕಿನ ಮೇಲೆ, ನಮ್ಮ ಕಡೆ ಮುಖ ಮಾಡಿ ಕುಳಿತ. "ಈಗ ಒಬ್ಬೊಬ್ಬರಾಗಿ ಹತ್ತರಿ."

ಚಮನಬೀ ಹತ್ತಿದಳು. ಬೆಳಕು ಅವನ ಸೊಂಟದಲ್ಲೇ ಇತ್ತು. ಇನ್ನಿಬ್ಬರು ಹತ್ತಿದರು, ಅಂಗಿಯ ಕೆಳಗಿನ ಗುಂಡಿ ಹೊಳೆಯಿತು. "ಸಾವಿತ್ರಿಬಾಯಿ, ನೀ ಹತ್ತಬ್ಯಾಡ, ಒಮ್ಮೆಲೆ ಆಕಾಶಕ್ಕ ಹೋಗ್ತದ," ಎಂದು ಯಾರೋ ಕೂಗಿದರು. "ನಿನ್ನ ಹೆಂಡ್ತೀನ ಹತ್ತಿಸು, ಚಂದ್ರನ ಮ್ಯಾಲಿನ ಊರು ಕಾಣ್ತಾವ," ಎಂದು ಆಕೆಯೂ ಬಿಡದೆ ಹತ್ತಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಎದೆ. ಜೇಬು. ಕೊರಳಿನ ಲಿಂಗದ ಕರಡಿಗೆ ಮಿಂಚಿತು. ಗದ್ದ. ಕೊನೆಗೆ ಪಂಚಶೀಲಾ ಕಾಲಿಟ್ಟಳು, ಬೆಳಕು ಅವನ ಕಣ್ಣಿಗೆ ಹೊಡೆಯಿತು.

ಅಯ್ಯಣ್ಣ ಕಣ್ಣು ಮುಚ್ಚಲಿಲ್ಲ. ನೀರು ಸುರಿಯುವವರೆಗೂ ನೋಡುತ್ತಲೇ ಇದ್ದ. ಆಮೇಲೆ ಇಳಿದು, ಕಣ್ಣು ಕತ್ತಲಾಗಿ ತಡವರಿಸುತ್ತ, ಕೈ ಮುಂದೆ ಚಾಚಿಕೊಂಡು ನಡೆದ. ಆ ಕೈ ಹಿಡಿದವನು ಅರುಣಕುಮಾರ, ಪಟ್ಟಿಯಿಲ್ಲದ ಕೈಯಿಂದ.

"ಯಾರದು?"

"ನಾ ರೀ ಕಾಕಾ, ಅರುಣ."

"ತಮ್ಮಾ, ನಿನ್ನ ಕೆಡವಿದಾವ ನಾನಾ. ಮ್ಯಾಲ ಮಂದ್ಯಾಗ ನಿನ್ನ ನಗಿಗೀಡ ಬ್ಯಾರೆ ಮಾಡಿದೆ," ಎಂದ ಅಯ್ಯಣ್ಣ, ಎಲ್ಲರಿಗೂ ಕೇಳುವಂತೆ.

ಕಣ್ಣು ಸರಿಯಾದದ್ದೇ ತಡ, "ಯಾರೂ ಇಳೀಬ್ಯಾಡ್ರಿ," ಎಂದು ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಹಳದಿ ದೀಪಗಳನ್ನು ನೆಲಕ್ಕೆ ಬಾಗಿಸಿದ, ದೊಡ್ಡ ದೀಪಗಳ ತಿರುಪು ತಿರುಗಿಸಿದ. ಗೋಡೆಯ ಹತ್ತಿರ ಅರುಣಕುಮಾರ ತನ್ನ ಬೈಕಿನ ಮೇಲೆ ಕುಳಿತು, "ಇನ್ನಾ ಕೆಳಗ, ಇನ್ನಾ ಸ್ವಲ್ಪ, ಬಸ್ಸ," ಎನ್ನುತ್ತಿದ್ದ. ಬೆಳಕು ಇಳಿದಿಳಿದು ಗೆರೆಗೆ ಬಂದು ನಿಂತಾಗ ಓಣಿ ಶಿಳ್ಳೆ ಹೊಡೆಯಿತು.

ಮರಿಲಿಂಗಮ್ಮ ಮಾತ್ರ ಇನ್ನೂ ಕೆಳಗೇ ನಿಂತಿದ್ದಳು. ಅಯ್ಯಣ್ಣ ಪಾನಾ ಕೆಳಗಿಟ್ಟು ಅವಳ ಕಡೆ ನೋಡಿದ. ಬಾ ಎಂದು ಕರೆಯಲಿಲ್ಲ. ಅವಳು ಅಳಿಯನನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ನನ್ನ ಬಿಟ್ಟು ಬಿಗಿ ಮಾಡಿದ್ರ ನಾಳಿ ಮತ್ತ ಏರ್ತದಲ್ಲೋ ಹುಚ್ಚಾ," ಎಂದಳು. ಸೀರೆ ಎತ್ತಿ ಕಟ್ಟಿ, ಗಾಡಿಯ ಹಿಂದಕ್ಕೆ ಹತ್ತಿ, ತನ್ನ ಮೂಲೆಯಲ್ಲಿ ಕುಳಿತಳು. "ಹೂಂ, ಈಗ ತಿರುಗಸು."