ಐದಕ್ಕೆ ಐದು

ಕೊಪ್ಪದ ಕೆಂಪರಾಜು ಅವರ ಮಗಳು ದೀಪಿಕ ಮಂಡ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಂ.ಡಿ. ಮೊದಲ ವರ್ಷ ಓದುತ್ತಿದ್ದಳು. ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಮೊದಲು ತೀರಿಕೊಂಡವನು ಬಂಡೂರಿನ ಹೊನ್ನಯ್ಯ, ಕುರಿ ಸಾಕುತ್ತಿದ್ದವನು. ಹನ್ನೊಂದು ದಿನ ಒದ್ದಾಡಿ, ಹನ್ನೆರಡನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೋಗಿಬಿಟ್ಟ. ವಿಷಯ ಹೇಳಲು ದೀಪಿಕ ಹೊರಗೆ ಬಂದಾಗ ಅವನ ಹೆಂಡತಿ ಚಿಕ್ಕಬೋರಮ್ಮ ಅಳಲಿಲ್ಲ. ಇವಳ ಮುಖವನ್ನೇ ನೋಡುತ್ತಾ, "ಉಸಾರಾಯ್ತಾರೆ ಬುಡಿ ಅಂತ ನೆನ್ನೆ ನೀನೇ ಅಂದ್ಯಲ್ಲವ್ವ" ಎಂದಳು.



ಅವತ್ತೇ ಹತ್ತು ಗಂಟೆಗೆ 'ಯುವ ವೈದ್ಯರ ಮನಶ್ಶಾಂತಿ ಮತ್ತು ಆತ್ಮಬಲ' ಎಂಬ ಕಾರ್ಯಾಗಾರ. ಬಾರದಿದ್ದವರಿಗೆ ಒಂದು ರಜೆ ಕಡಿತವೆಂದು ಸುತ್ತೋಲೆ ಬಂದಿತ್ತು. ಹೊರಗಿನಿಂದ ಬಂದ ತಜ್ಞರು ಒಂದು ಗಂಟೆ ಉಸಿರಾಡುವುದನ್ನು ಹೇಳಿಕೊಟ್ಟು, ನಲವತ್ತು ಸಾಲಿನ ಫಾರಂ ಹಂಚಿದರು. 'ನನ್ನ ಮನಸ್ಸು ಪ್ರಶಾಂತವಾಗಿದೆ', 'ನನ್ನ ಬದುಕಿಗೆ ಅರ್ಥವಿದೆ' ಇತ್ಯಾದಿ. ಪ್ರತಿಯೊಂದಕ್ಕೂ ಐದರೊಳಗೆ ಅಂಕ ಕೊಡಬೇಕು. ವಾರ್ಡಿನಲ್ಲಿ ಹೊನ್ನಯ್ಯನ ಕಾಗದಪತ್ರಗಳು ಹಾಗೇ ಬಿದ್ದಿದ್ದವು. ದೀಪಿಕ ಓದುವ ಗೋಜಿಗೇ ಹೋಗದೆ ಎಲ್ಲದಕ್ಕೂ ಐದು ಹಾಕಿ ಓಡಿದಳು.

ತಿಂಗಳಾದ ಮೇಲೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಶಶಿಧರ್ ಅವಳನ್ನು ಕರೆಸಿದರು. "ಆ ಫಾರಂ ಪ್ರಕಾರ ಇಡೀ ಕಾಲೇಜಲ್ಲಿ ನಿನ್ನಷ್ಟು ನೆಮ್ಮದಿಯಾಗಿರೋರು ಯಾರೂ ಇಲ್ವಂತೆ ಕಣಮ್ಮ! ಹೌಸ್ ಸರ್ಜನ್‌ಗಳಿಗೆ ಅರ್ಧ ಗಂಟೆ ಮಾತಾಡು."

ನಿಜ ಹೇಳುವ ಧೈರ್ಯವಾಗದೆ "ಆಗಲಿ ಸಾರ್" ಎಂದಳು.

ಮೊಬೈಲಿನಲ್ಲಿ ಹುಡುಕಿ ಬರೆದುಕೊಂಡದ್ದನ್ನು ಹತ್ತು ನಿಮಿಷ ಒಪ್ಪಿಸಿದ ಮೇಲೆ, ಹಲಗೂರಿನ ಪ್ರೀತಂ ಎಂಬ ಹೌಸ್ ಸರ್ಜನ್ ಎದ್ದು ನಿಂತ. "ಮೇಡಂ, ನಿಮ್ಮ ಮೊದಲ್ನೇ ಪೇಷೆಂಟ್ ತೀರ್ಕೊಂಡಾಗ ಏನ್ ಮಾಡುದ್ರಿ? ನಂಗೆ ಮೂರು ದಿನದಿಂದ ಊಟ ಸೇರ್ತಿಲ್ಲ."

"ಫಾರಂ ತುಂಬಿದೆ" ಎಂದಳು ದೀಪಿಕ.

ಹಾಲ್ ಪೂರ್ತಿ ನಕ್ಕಿತು. ಅವಳೂ ನಕ್ಕಳು. ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಮೈಕು ಕೈಯಲ್ಲೇ ಇದ್ದುದರಿಂದ ಬಿಕ್ಕಳಿಕೆ ಕಾರಿಡಾರಿನವರೆಗೂ ಕೇಳಿಸಿತು. ಮರುದಿನದ ವರದಿಯಲ್ಲಿ, 'ಉಪನ್ಯಾಸ ಅತ್ಯಂತ ಪರಿಣಾಮಕಾರಿಯಾಗಿತ್ತು' ಎಂದು ಬಂತು.

ಆ ವಾರ ಪ್ರೀತಂ ಮತ್ತು ಇನ್ನು ನಾಲ್ವರು ಆಸ್ಪತ್ರೆ ಹಿಂದಿನ ಟೀ ಅಂಗಡಿಯಲ್ಲಿ ಅವಳ ಜೊತೆ ಕೂತರು. ಚಿಕ್ಕಬೋರಮ್ಮನ ಮಾತನ್ನು ದೀಪಿಕ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಉಳಿದವರೂ ತಾವು ನೋಡಿಕೊಳ್ಳುತ್ತಿದ್ದು ತೀರಿಕೊಂಡವರ ಹೆಸರು ಹೇಳಿದರು. ಅಷ್ಟೇ. ಪ್ರೀತಂ ಎರಡು ಬನ್ನು ತಿಂದ. ಅಲ್ಲಿಂದ ಪ್ರತಿ ಗುರುವಾರ ಸಂಜೆ ಸೇರತೊಡಗಿದರು.

ಸುದ್ದಿ ತಿಳಿದ ಶಶಿಧರ್ ಹಿಗ್ಗಿದರು. ಗುರುವಾರಕ್ಕೆ ಹಾಲ್, ಪ್ರೊಜೆಕ್ಟರ್, ಬಿಸ್ಕತ್ತು, ಹಾಜರಿ ಪುಸ್ತಕ ಎಲ್ಲವನ್ನೂ ಏರ್ಪಾಡು ಮಾಡಿಸಿದರು. ಒಬ್ಬರೂ ಬರಲಿಲ್ಲ. ಮುಕ್ಕಾಲು ಗಂಟೆ ಕಾದು, ಸಿಟ್ಟಿನಲ್ಲೇ ಟೀ ಅಂಗಡಿಗೆ ನಡೆದರು. ಮೇಷ್ಟ್ರನ್ನು ಕಂಡು ಎಲ್ಲರೂ ದಡಬಡ ಎದ್ದರು.

ಬೈಯಲೆಂದೇ ಬಂದ ಶಶಿಧರ್ ಬೈಯುವುದನ್ನು ಬಿಟ್ಟು, "ನನ್ನ ಪೇಷೆಂಟು ಮಳವಳ್ಳಿ ದೇವಿರಮ್ಮ ಅಂತ. ತೀರ್ಕೊಂಡು ಇಪ್ಪತ್ತಾರು ವರ್ಷ ಆಯ್ತು" ಎಂದರು.

 ಪ್ರೀತಂ ಮತ್ತೆ ಕೂತು, ಬೆಂಚಿನ ತುದಿಗೆ ಸರಿದು ಅವರಿಗೆ ಜಾಗ ಬಿಟ್ಟ.