ನಾಲಬಂದ ಪೀರಸಾಬನ ಪರವಾನಗಿ

ಬಬಲೇಶ್ವರ ತಾಲೂಕಿನಲ್ಲಿ ಎತ್ತು ಸಾಕಿದವರಿಗೆಲ್ಲ ನಾಲಬಂದ ಪೀರಸಾಬ ಗೊತ್ತು. ಎತ್ತಿನ ಕಾಲಿಗೆ ಹಗ್ಗ ಹಾಕಿ, ಅದಕ್ಕೆ ಏನಾಯಿತೆಂದು ತಿಳಿಯುವ ಮೊದಲೇ ಮಗ್ಗುಲಿಗೆ ಕೆಡವಿ, ಗೊರಸಿಗೆ ಕಬ್ಬಿಣದ ನಾಲು ಬಡಿದು ಎಬ್ಬಿಸುವುದರಲ್ಲಿ ಅವನ ಸರಿಸಮ ಯಾರೂ ಇಲ್ಲ. ಐವತ್ತೆರಡರ ವಯಸ್ಸು, ಗಿಡ್ಡ ಆಳು, ಬಾಯಿ ಮಾತ್ರ ದೊಡ್ಡದು. ಕೆಲಸ ಮಾಡುವಾಗ ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುತ್ತಾನೆ. ಮೊಳೆಯೂ ಬೀಳುವುದಿಲ್ಲ, ಮಾತೂ ನಿಲ್ಲುವುದಿಲ್ಲ.

ಹೋದ ವರ್ಷ ಮಮದಾಪುರದ ಕೆರೆಗೆ ನೀರು ಕುಡಿಯಲು ಇಳಿದ ಎತ್ತೊಂದು ಕುಂಟುತ್ತ ಮೇಲೆ ಬಂತು. ಪೀರಸಾಬನೇ ಹೋಗಿ ಗೊರಸಿಗೆ ಚುಚ್ಚಿದ್ದ ಮೊಳೆಯನ್ನು ಇಕ್ಕಳದಿಂದ ಕಿತ್ತ. ಕಿತ್ತು ನೋಡಿದರೆ ಅದು ಅವನದೇ ಮೊಳೆ! ಯಾವಾಗಲೋ ಅವನು ಬಡಿದ ನಾಲು ಕೆಸರಿನಲ್ಲಿ ಕಳಚಿ, ಮೊಳೆ ಅಲ್ಲೇ ಉಳಿದು ಇನ್ನೊಂದು ಎತ್ತಿನ ಕಾಲು ಕೆಡಿಸಿತ್ತು. ಎತ್ತಿನ ಯಜಮಾನ ಕುಂಟುವ ಎತ್ತನ್ನು ಮೆಲ್ಲಗೆ ನಡೆಸಿಕೊಂಡು ಮನೆಗೆ ಹೋದ. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಪೀರಸಾಬನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ವಿಜಯಪುರಕ್ಕೆ ಹೋಗಿ ಗುಜರಿ ಅಂಗಡಿಯ ಆಫ್ತಾಬನ ಹತ್ತಿರ ಹಳೆಯ ಮೆಟಲ್ ಡಿಟೆಕ್ಟರೊಂದನ್ನು ಕೊಂಡು ತಂದ.

ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ದಂಡೆಗುಂಟ ಆ ಕೋಲು ಆಡಿಸುತ್ತ ಹೊರಟನೋ ಇಲ್ಲವೋ, ಊರಿಗೆ ಊರೇ ಬಂದು ನಿಂತಿತು. ಪಂಚಾಯಿತಿ ಸದಸ್ಯೆ ಪರಸವ್ವನೂ ಬಂದಳು. ಅರವತ್ತು ದಾಟಿದ ಹೆಂಗಸು, ಯಾರ ಮುಲಾಜಿಗೂ ಬೀಳುವವಳಲ್ಲ.

"ಏನೋ ಪೀರಸಾಬ, ನಿಧಿ ಹುಡುಕಾಕತ್ತೀಯೇನು?"

"ಇಲ್ಲಬೇ ಅಕ್ಕಾ, ನಾಲಿನ ಮಳಿ ಹುಡುಕಾಕತ್ತೇನಿ."

"ಇಷ್ಟುದ್ದ ಮಷಿನ್ ತಂದು ಮಳಿ ಹುಡುಕತಾನಂತ! ಯಾರರ ನಂಬತಾರೇನು?"

ಯಾರೂ ನಂಬಲಿಲ್ಲ. ಮಧ್ಯಾಹ್ನದೊಳಗೆ ಪೊಲೀಸರೊಬ್ಬರು ಬೈಕಿನಲ್ಲಿ ಬಂದು, ಸರ್ಕಾರಿ ಕೆರೆಯಲ್ಲಿ ಪರವಾನಗಿ ಇಲ್ಲದೆ ಹೀಗೆಲ್ಲ ಹುಡುಕುವಂತಿಲ್ಲ ಎಂದು ಹೇಳಿ ಮಷಿನ್ ಬಂದ್ ಮಾಡಿಸಿದರು.

ಬೇರೆಯವರಾಗಿದ್ದರೆ ಅದನ್ನು ಅಟ್ಟದ ಮೇಲೆ ಎಸೆದು ಸುಮ್ಮನಾಗುತ್ತಿದ್ದರು. ಪೀರಸಾಬನ ಹಟ ಬೇರೆ. ಪಂಚಾಯಿತಿಯಲ್ಲಿ ಠರಾವು ಮಾಡಿಸಿದ, ಬಬಲೇಶ್ವರದ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟ. ಮುಂದಿನ ಬೇಸಿಗೆಯವರೆಗೂ ಅಲೆದ. ಕೊನೆಗೆ ಗುಮಾಸ್ತ ಭೀಮಾಶಂಕರ ಒಂದು ಹಾಳೆ ಕೈಗಿಟ್ಟು ಷರತ್ತುಗಳನ್ನು ಓದಿ ಹೇಳಿದ. ಹಗಲಲ್ಲಿ ಮಾತ್ರ ಹುಡುಕಬೇಕು, ಗೇಣಿಗಿಂತ ಆಳ ಅಗೆಯಬಾರದು, ತೂಬು ಮತ್ತು ಹಳೆಯ ಕಲ್ಲುಕಟ್ಟಡದ ಹತ್ತಿರ ಸುಳಿಯಬಾರದು, ಪಂಚಾಯಿತಿಯವರೊಬ್ಬರು ಎದುರಿಗೇ ಇರಬೇಕು.

"ಇನ್ನೊಂದು ಐತ್ರಿ," ಎಂದ ಭೀಮಾಶಂಕರ. "ಬ್ರಿಟಿಷರ ಕಾಲದ ಕಾಯ್ದೆ. ನೆಲದಾಗ ಅಡಗಿದ್ದು ಏನರ ಸಿಕ್ಕು, ಅದರ ಕಿಮ್ಮತ್ತು ಹತ್ತು ರೂಪಾಯಿಗಿಂತ ಹೆಚ್ಚಿದ್ರ ಸರ್ಕಾರಕ್ಕ ಬರದು ತಿಳಸಿ ಒಪ್ಪಸಬೇಕು. ಮುಚ್ಚಿಟ್ರ ಜೇಲು."

"ನನಗ ಮಳಿ ಸಾಕ್ರೀ ಸಾಹೇಬ್ರ," ಎಂದ ಪೀರಸಾಬ. ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ, ದಾರ ಕಟ್ಟಿ, ಕೊರಳಿಗೆ ನೇತುಹಾಕಿಕೊಂಡೇ ಮಮದಾಪುರಕ್ಕೆ ಬಂದ. ದಾರಿಯಲ್ಲಿ ಕೇಳದವರಿಗೂ ತೋರಿಸಿದ.

ಆಹಾ, ಆ ದಿನಗಳ ಸಡಗರ! ಪರಸವ್ವ ಕೊಡೆ ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂತಳು. ಮಷಿನ್ ಕುಂಯ್ ಎಂದರೆ ಸಾಕು, ಪೀರಸಾಬ ಮೊಣಕಾಲೂರಿ ಕುರ್ಪಿಯಿಂದ ಮಣ್ಣು ಸರಿಸುತ್ತಿದ್ದ. ಮೊಳೆ, ಅರ್ಧ ನಾಲು, ಮುರಿದ ಕುಡುಗೋಲು, ಬಾಟಲಿ ಮುಚ್ಚಳ, ಮತ್ತೆ ಮೊಳೆ. ಎರಡು ದಿನದಲ್ಲಿ ಒಂದು ಬಕೀಟು ತುಂಬಿತು. ನಿಧಿಯ ಆಸೆಗೆ ನಿಂತಿದ್ದವರು ಬೇಸತ್ತು ಮನೆಗೆ ಹೋದರು. ಪೀರಸಾಬ ಮಾತ್ರ ಒಂದೊಂದು ಮೊಳೆ ಸಿಕ್ಕಾಗಲೂ, "ಇನ್ನೊಂದು ಕಾಲು ಉಳೀತಬೇ!" ಎಂದು ಕೂಗುತ್ತಿದ್ದ.

ಮೂರನೆಯ ದಿನ ಮಷಿನ್ ಬಿಟ್ಟೂ ಬಿಡದೆ ಕೂಗಿತು. ಗೇಣಿನೊಳಗೇ ಕೈಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಬಾಗಿದ ಕಬ್ಬಿಣ. ನೀರಲ್ಲಿ ಅದ್ದಿ, ಹೆಬ್ಬೆರಳಿನಿಂದ ಕೆಸರು ಒರೆಸಿದ. ಅದು ಎತ್ತಿನದಲ್ಲ. ಎತ್ತಿನ ಗೊರಸು ಸೀಳು, ಅದಕ್ಕೆ ಎರಡು ಬಿಲ್ಲೆ ಬೇಕು. ಇದು ಒಂದೇ ತುಂಡು, ಕುದುರೆಯದು. ತಿರುಗಿಸಿ ನೋಡಿದ. ಒಂದು ಬದಿಗೆ ನಾಲ್ಕು ತೂತು, ಇನ್ನೊಂದು ಬದಿಗೆ ಎರಡೇ. ಆ ಎರಡು ತೂತಿನ ಬದಿಯ ಹಿಮ್ಮಡಿ ಬೇಕೆಂದೇ ದಪ್ಪ ಮಾಡಿದ್ದು. ಪೀರಸಾಬ ಮಷಿನ್ ಬದಿಗಿಟ್ಟು ಕೆಸರಿನಲ್ಲೇ ಕೂತುಬಿಟ್ಟ.

"ಏನೋ ಅದು? ಬಂಗಾರೇನು?" ಪರಸವ್ವ ಕೊಡೆ ಬಿಟ್ಟು ಓಡಿ ಬಂದಳು.

"ಅಕ್ಕಾ, ಇದು ಕುಂಟ ಕುದುರಿ ನಾಲಬೇ! ನೋಡು, ಈ ಮಗ್ಗಲ ಅದಕ್ಕ ನೋವಿತ್ತು. ಅದಕ್ಕ ಇಲ್ಲಿ ಮಳಿ ಕಡಿಮಿ ಹೊಡದಾನ. ಭಾರ ಬೀಳಬಾರದಂತ ಹಿಮ್ಮಡ ಎತ್ತರ ಮಾಡ್ಯಾನ. ಎಂಥಾ ಕೈಬೇ ಅಂವಂದು! ಯಾವ ಕಾಲದಾಂವೋ ಏನೋ, ಕುದುರಿ ಸಂಕಟ ತಿಳದಾಂವ!"

ಅವನ ಕಣ್ಣಲ್ಲಿ ನೀರು ಬಂದಿತ್ತು, ಮುಖದ ತುಂಬ ನಗು. ಅಪ್ಪ ಕಲಿಸದ, ಯಾರೂ ಕಲಿಸದ ಒಂದು ಪಾಠ ಕೆಸರಿನಿಂದ ಎದ್ದು ಬಂದು ಕೈಯಲ್ಲಿ ಕೂತಿತ್ತು. ಅದು ತನಗೇ ಬೇಕು ಅನ್ನಿಸಿತು. ಮಗು ಆಟಿಕೆಗೆ ಹಟ ಹಿಡಿದಂತೆ ಬೇಕು ಅನ್ನಿಸಿತು. ಆದರೆ ಪರವಾನಗಿ ಕೊರಳಲ್ಲೇ ಇತ್ತಲ್ಲ. ಮರುದಿನ ಇಬ್ಬರೂ ಬಬಲೇಶ್ವರದ ಬಸ್ಸು ಹತ್ತಿದರು.

ಭೀಮಾಶಂಕರ ನಾಲನ್ನು ಅಂಗೈ ಮೇಲೆ ತೂಗಿ ನೋಡಿ ನಕ್ಕ.

"ಇದಕ್ಕ ಇಷ್ಟ ದೂರ ಬಂದ್ರೇನ್ರಿ? ಭಾಳಂದ್ರ ಮುನ್ನೂರು ಗ್ರಾಂ ಇದ್ದೀತು. ಗುಜರಿಯಾಗ ಎಂಟು ರೂಪಾಯಿ. ಹತ್ತರ ಒಳಗ ಆತಲ್ರಿ, ಕಾಯ್ದೆದಾಗ ಬರೂದಿಲ್ಲ. 'ಹಳೆಯ ಕಬ್ಬಿಣದ ತುಂಡು, ಎಂಟು ರೂಪಾಯಿ' ಅಂತ ಬರೀತೇನಿ. ಒಂದು ಸಹಿ ಮಾಡಿ ಮನಿಗೆ ಒಯ್ರಿ, ನಿಮ್ಮದ ಅದು."

ನಿಮ್ಮದೇ ಅದು! ಪೀರಸಾಬನ ಎದೆ ಹಿಗ್ಗಿತು. ಪರಸವ್ವ ಮೊಣಕೈಯಿಂದ ತಿವಿದು, ಬೇಗ ಸಹಿ ಮಾಡೆಂದು ಸನ್ನೆ ಮಾಡಿದಳು. ಪೀರಸಾಬ ಪೆನ್ನು ಹಿಡಿದ. ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಹಳೆಯ ಕಬ್ಬಿಣದ ತುಂಡು. ಎಂಟು ರೂಪಾಯಿ. ಕಿವಿ ಕೆಂಪಗಾದವು.

"ಸಾಹೇಬ್ರ, ಇದನ್ನ ಹೊಡದು ಹಾಕ್ರಿ."

"ಯಾಕ್ರಿ?"

"ತುಂಡಲ್ರಿ ಇದು. ಕುಂಟ ಕುದುರಿ ನಾಲ ಅಂತ ಬರೀರಿ. ಇಂಥಾದ್ದು ಇವತ್ತ ಮಾಡಬೇಕಂದ್ರ ನನಗ ಒಂದು ದಿನ ಪೂರಾ ಬೇಕು. ಐನೂರಕ್ಕ ಒಂದು ಪೈಸಾ ಕಡಿಮಿ ತಗೊಳ್ಳಾಂವ ಅಲ್ಲ ನಾ. ಐನೂರು ಬರೀರಿ."

ಭೀಮಾಶಂಕರನ ನಗು ನಿಂತಿತು. "ಐನೂರು ಬರದ್ರ ನಿಮಗ ಸಿಗೂದಿಲ್ಲ ಪೀರಸಾಬ್. ಜಿಲ್ಲಾ ಕಚೇರಿಗೆ ಹೊಕ್ಕೈತಿ. ತಿಳೀತಲ್ಲ?"

"ತಿಳೀತ್ರಿ. ಬರೀರಿ."

ಬರೆಸಿದ, ಸಹಿ ಮಾಡಿದ, ಒಪ್ಪಿಸಿದ್ದಕ್ಕೆ ರಸೀದಿ ತಗೊಂಡ. ನಾಲನ್ನು ಕೊನೆಯ ಸಲ ಎರಡೂ ಕೈಯಲ್ಲಿ ಹಿಡಿದು, ಆ ದಪ್ಪ ಹಿಮ್ಮಡಿಯ ಅಳತೆಯನ್ನು ಬೆರಳಿನಿಂದ ಮೂರು ಸಲ ತಗೊಂಡು, ಮೇಜಿನ ಮೇಲಿಟ್ಟ. ಹೊರಗೆ ಬರುವಾಗ ಅವನ ನಡಿಗೆಯಲ್ಲಿ ಕುಸ್ತಿ ಗೆದ್ದವನ ಗತ್ತಿತ್ತು.

ಬಸ್ ನಿಲ್ದಾಣಕ್ಕೆ ಬರುವವರೆಗೂ ಪರಸವ್ವ ಸಿಟ್ಟು ತಡೆದುಕೊಂಡಿದ್ದಳು.

"ಹುಚ್ಚಪ್ಪಾ, ಎಂಟು ಅಂದಿದ್ರ ಅದು ಈಗ ನಿನ್ನ ಚೀಲದಾಗ ಇರ್ತಿತ್ತಲ್ಲೋ! ಸಹಿ ಮಾಡಾಕ ಏನಾಗಿತ್ತು ನಿನಗ?"

"ಬಾಯಿ ಬರಲಿಲ್ಲಬೇ ಅಕ್ಕಾ," ಎಂದ ಪೀರಸಾಬ. "ಎಂಟು ಅಂದದ್ದು ಅಂವಗ ಕೇಳಿಸಿದ್ರ?"

"ಯಾರಿಗೋ?"

"ನಾಲ ಮಾಡಿದಾಂವಗ."