ಬ್ಯಾಗ್ ಮಿಸ್

ನನ್ನ ಹೆಂಡತಿ ಸೌಮ್ಯಶ್ರೀಯನ್ನು ನಮ್ಮ ಬೀದಿಯ ಮಕ್ಕಳು ಬ್ಯಾಗ್ ಮಿಸ್ ಅಂತ ಕರೆಯುತ್ತಾರೆ. ಮೈಸೂರಿನ ವಿಜಯನಗರದಲ್ಲಿ ಟ್ಯೂಷನ್ನಿಗೇನೂ ಬರವಿಲ್ಲ. ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಕೈಬರಹ ದುಂಡಗೆ ಮಾಡುವುದಕ್ಕೂ ಒಬ್ಬರಿದ್ದಾರೆ. ಆದರೆ ಬ್ಯಾಗು ಜೋಡಿಸುವುದನ್ನು ಹೇಳಿಕೊಡುವವಳು ಇವಳೊಬ್ಬಳೇ. ಐದರಿಂದ ಎಂಟನೇ ಕ್ಲಾಸಿನವರೆಗಿನ ಮಕ್ಕಳು ಸಂಜೆ ನಮ್ಮ ಪೋರ್ಟಿಕೋದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಾರೆ. ಅವರಿಗೋಸ್ಕರ ನನ್ನ ಸ್ಕೂಟರು ಮಳೆ ಬಿಸಿಲೆನ್ನದೆ ರಸ್ತೆಯಲ್ಲಿ ನಿಂತಿರುತ್ತದೆ. ಡೈರಿ ತೆಗಿ, ಹೋಂವರ್ಕ್ ಏನೇನಿದೆ ಓದು, ಕಷ್ಟದ್ದು ಮೊದಲು ಮುಗಿಸು, ಸುಲಭದ್ದು ಆಮೇಲೆ, ನಾಳೆಯ ಟೈಮ್‌ಟೇಬಲ್ ನೋಡಿ ಬ್ಯಾಗು ತುಂಬು, ಪೆನ್ಸಿಲ್ ಚೂಪು ಮಾಡು, ಮನೆಗೆ ನಡಿ. ಅವಳ ವಿದ್ಯೆ ಇಷ್ಟೇ. ಇಷ್ಟಕ್ಕೇ ತಾಯಂದಿರು ಅವಳನ್ನು ದೇವರ ಹಾಗೆ ಕಾಣುತ್ತಾರೆ.

ಅಸ್ತವ್ಯಸ್ತ ಕಂಡರೆ ಅವಳಿಗೆ ಮೈ ಉರಿಯುತ್ತದೆ. ಅದಕ್ಕೆ ಕಾರಣವೂ ಇದೆ. ತಿ. ನರಸೀಪುರದ ಕಡೆಯ ಹಳ್ಳಿಯ ಒಕ್ಕಲು ಮನೆಯಲ್ಲಿ, ಕಾಳಿನ ಮೂಟೆ, ಕುರಿಮರಿ, ತಮ್ಮ ತಂಗಿಯರ ನಡುವೆ ಓದಿದವಳು. ಹತ್ತನೇ ಕ್ಲಾಸಿನ ಪರೀಕ್ಷೆಯ ಬೆಳಿಗ್ಗೆ ಹಾಲ್ ಟಿಕೆಟ್ ಸಿಗಲಿಲ್ಲ. ಮನೆಯೆಲ್ಲ ತಡಕಿದರೂ ಸಿಗಲಿಲ್ಲ. ಆ ವರ್ಷವೆಲ್ಲ ಗದ್ದೆಯಲ್ಲಿ ಕಳೆ ಕಿತ್ತಳಂತೆ. ಆಮೇಲೆ ಹಟ ಹಿಡಿದು ಓದಿ, ಬಿ.ಎಡ್. ಮಾಡಿ, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿ, ಹೆಡ್‌ಮಾಸ್ಟರ ಜೊತೆ ಜಗಳ ಮಾಡಿಕೊಂಡು ಮನೆಗೆ ಬಂದಳು. ನಮ್ಮ ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದಾಳೆ. ನನಗೂ ಒಂದು ಅಂಟಿಸಿಬಿಡು ಅಂತ ನಾನು ರೇಗಿಸುವುದುಂಟು.

ಸಿಂಚನ ನಮ್ಮ ಚಾಪೆಗೆ ಬಂದದ್ದು ಜೂನ್ ತಿಂಗಳಲ್ಲಿ. ಏಳನೇ ಕ್ಲಾಸು. ಡಬಲ್ ರೋಡಿನ ಆಚೆ ಬದಿಯಲ್ಲಿ ಮನೆ. ಅಪ್ಪ ಪ್ರಸಾದ್ ವಾಟರ್ ಫಿಲ್ಟರ್ ರಿಪೇರಿ ಮಾಡುವವನು. ಅಮ್ಮ ಅನು ಸೀರೆ ಅಂಗಡಿಯಲ್ಲಿ ಸಂಜೆ ತನಕ ನಿಲ್ಲುವವಳು. ಹಾಗಾಗಿ ಹುಡುಗಿಯನ್ನು ಕರೆದುಕೊಂಡು ಬರುತ್ತಿದ್ದದ್ದು ಅಜ್ಜಿ ದೇವಿರಮ್ಮ. ಬ್ಯಾಗೂ ಅಜ್ಜಿಯ ಹೆಗಲಲ್ಲೇ.

ಸೌಮ್ಯ ಆ ಬ್ಯಾಗನ್ನು ಚಾಪೆಯ ಮೇಲೆ ಸುರಿದಳು. ಒಣಗಿದ ಚಪಾತಿ ಚೂರು, ಮುಚ್ಚಳವಿಲ್ಲದ ಪೆನ್ನುಗಳು, ಬೇರೆ ಯಾರದೋ ಸ್ಕೇಲು. ಡೈರಿಯಲ್ಲಿ ಹೋಂವರ್ಕ್ ಅರ್ಧರ್ಧ.

“ಶಾಲೇಲಿ ಒಂದೇ ಕಂಪ್ಲೇಂಟು ಮೇಡಂ, ಗಮನ ಇಲ್ಲ ಅಂತ,” ಅಂದ ಪ್ರಸಾದ್. “ಹೋದ ವರ್ಷದವರೆಗೂ ಚೆನ್ನಾಗೇ ಓದ್ತಿದ್ಲು. ಈಗ ಹೇಳಿದ್ದು ತಲೆಗೇ ಹೋಗಲ್ಲ.”

“ದೀಪಾವಳಿ ಒಳಗೆ ಸರಿ ಮಾಡಿ ಕೊಡ್ತೀನಿ ಬಿಡಿ,” ಅಂದಳು ನನ್ನ ಹೆಂಡತಿ. ಕೆಟ್ಟ ಮಿಕ್ಸಿ ರಿಪೇರಿಗೆ ತೆಗೆದುಕೊಂಡವರ ಧೋರಣೆ ಅದು.

ಬ್ಯಾಗು ನಿಜಕ್ಕೂ ಸರಿಯಾಯಿತು. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ರಟ್ಟು, ಬಿಡಿ ಹಾಳೆಗಳಿಗೆ ಜಿಪ್ ಇರುವ ಚೀಲ. ಹುಡುಗಿ ಮಾತು ಕೇಳುವವಳು, ಹೇಳಿದ್ದನ್ನೆಲ್ಲ ಮಾಡಿದಳು. ಆದರೂ ಡೈರಿಯ ಅರ್ಧರ್ಧ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಪಕ್ಕ ಕೂರುವ ಲಾಸ್ಯ ಪೂರ್ತಿ ಬರೆದುಕೊಂಡು ಬಂದದ್ದು ಇವಳಿಗೆ ಯಾಕೆ ಆಗುವುದಿಲ್ಲ ಅಂತ ಸೌಮ್ಯ ಗದರಿದಳು. ಸಿಂಚನ ತಲೆ ತಗ್ಗಿಸಿ, “ಟೀಚರ್ ಮಧ್ಯದಲ್ಲಿ ಬಿಟ್ಟು ಬಿಟ್ಟು ಹೇಳ್ತಾರೆ ಮಿಸ್,” ಅಂದಳು. ಎಲ್ಲರೂ ನಕ್ಕರು. ಒಳಗೆ ಕಾಫಿ ಕುಡಿಯುತ್ತಿದ್ದ ನಾನೂ ನಕ್ಕೆ.

ನಾನು ಕಡಕೊಳದ ಕಾರ್ಖಾನೆಯೊಂದರಲ್ಲಿ ಮೆಷಿನ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ಇಡೀ ದಿನ ಯಂತ್ರದ ಸದ್ದು ಕೇಳಿ ಕೇಳಿ, ತಾಳ ತಪ್ಪಿದರೆ ಕಿವಿ ತಾನಾಗಿ ನೆಟ್ಟಗಾಗುತ್ತದೆ. ನಮ್ಮನೆಯಲ್ಲಿ ಹೋಂವರ್ಕ್ ಮುಗಿದ ಮೇಲೆ ಮಗ್ಗಿ ಹೇಳಿಸುವ ಪದ್ಧತಿ. ಎಲ್ಲರೂ ಇಂಗ್ಲಿಷ್ ಮೀಡಿಯಂ ಮಕ್ಕಳೇ, ಆದರೂ ಮಗ್ಗಿ ಮಾತ್ರ ಕನ್ನಡದಲ್ಲಿ, ಒಂದೇ ದನಿಯಲ್ಲಿ ಆಗಬೇಕು. ಒಂದು ಸಂಜೆ ಹದಿಮೂರರ ಮಗ್ಗಿ ನಡೆಯುತ್ತಿತ್ತು. ಹದಿಮೂರ್ಮೂರ್ಲಿ ಮೂವತ್ತೊಂಬತ್ತು ಆದ ಮೇಲೆ ಒಂದು ದನಿ ಕಡಿಮೆಯಾಯಿತು. ಉಳಿದವರು ಮುಂದೆ ಹೋಗಿ ಹದಿಮೂರೇಳ್ಲಿ ತೊಂಬತ್ತೊಂದು ಅಂದರು. ಆಗ ಆ ದನಿ ವಾಪಸು ಬಂತು. “ಹದಿಮೂರ್ನಾಲ್ಕ್ಲಿ ಐವತ್ತೆರಡು,” ಅಂದಳು ಸಿಂಚನ, ಗಟ್ಟಿಯಾಗಿ, ಯಾವ ಅನುಮಾನವೂ ಇಲ್ಲದೆ. ಮಕ್ಕಳು ಹೋ ಅಂತ ನಕ್ಕರು. ಅವಳು ಸುತ್ತ ನೋಡಿದಳು. ಎಲ್ಲರೂ ತನ್ನನ್ನು ಬಿಟ್ಟು ಯಾವಾಗ ಮುಂದೆ ಹೋದರು ಅನ್ನುವುದು ಅವಳಿಗೆ ಅರ್ಥವಾಗಿರಲಿಲ್ಲ.

ಈ ಸಲ ನಾನು ನಗಲಿಲ್ಲ.

“ಅವಳು ಮರೆತು ನಿಂತಿದ್ದಲ್ಲ ಸೌಮ್ಯ,” ಅಂದೆ, ಮಕ್ಕಳು ಹೋದ ಮೇಲೆ. “ಮರೆತಿದ್ರೆ ತಡವರಿಸಬೇಕಿತ್ತು. ಇವಳು ನಿಂತ ಕಡೆಯಿಂದಲೇ ಶುರು ಮಾಡಿದ್ಲು. ಮಧ್ಯದಲ್ಲಿ ಇರಲೇ ಇಲ್ಲ ಅನ್ನೋ ಹಾಗೆ.”

“ನಾಟಕ ಕಣ್ರೀ. ಈ ವಯಸ್ಸಿನ ಹುಡುಗೀರನ್ನ ನೀವು ನೋಡಿಲ್ಲ, ನಾನು ನೋಡಿದೀನಿ.”

ದೇವಿರಮ್ಮನನ್ನು ಕೇಳಿದೆ. ಆಕೆ ಗೇಟಿನ ಹತ್ತಿರ ದನಿ ತಗ್ಗಿಸಿದಳು. “ಊಟ ಮಾಡ್ತಾ ಮಾಡ್ತಾನೂ ಅಂಗೇ ನಿಂತ್ಬುಡ್ತದೆ ಕಣಪ್ಪ. ತುತ್ತು ಕೈಲೇ ಇರ್ತದೆ, ಕಣ್ಣು ಎಲ್ಲೋ. ಕೂಗುದ್ರೂ ಕೇಳಲ್ಲ. ಯಾರ್ದೋ ದೃಷ್ಟಿ ಆಗದೆ. ನಂಜನಗೂಡಿಗೆ ಹರಕೆ ಕಟ್ಕಂಡಿವ್ನಿ.” ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ಹೆದರಿಕೆಯಾಯಿತು. ಯಾರಾದರೂ ಡಾಕ್ಟರಿಗೆ ತೋರಿಸಿ ಅಂತ ಪ್ರಸಾದನಿಗೆ ಹೇಳಿದೆ. ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದರು. ಕಣ್ಣು ಚೆನ್ನಾಗಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಆ ಹೊತ್ತಿಗೆ ಸೌಮ್ಯ ಬೆಳಿಗ್ಗೆ ಪಾರ್ಕಿನ ಯೋಗ ಕ್ಲಾಸಿಗೆ ಹೋಗಲು ಶುರು ಮಾಡಿದ್ದಳು. ಮೈಸೂರಿನಲ್ಲಿ ಯೋಗ ಮಾಡದವರನ್ನು ಹುಡುಕಬೇಕು, ನನ್ನ ಹಾಗೆ. ಅಲ್ಲಿ ಭಸ್ತ್ರಿಕಾ ಕಲಿತಳು. ಕಮ್ಮಾರನ ತಿದಿಯ ಹಾಗೆ ಜೋರಾಗಿ ಉಸಿರೆಳೆದು ಜೋರಾಗಿ ಬಿಡುವುದು, ಬೇಗ ಬೇಗ. ಅದರಿಂದ ಅವಳ ತಲೆ ಹಗುರವಾಯಿತಂತೆ. ತನಗೆ ಒಳ್ಳೆಯದಾದದ್ದು ಊರಿಗೆಲ್ಲ ಆಗಬೇಕು ಅನ್ನುವ ಜಾತಿಯವಳು ಇವಳು. ದೊಡ್ಡವರಿಗೆ ಹೇಳಿಕೊಟ್ಟದ್ದನ್ನು ಮಕ್ಕಳಿಗೆ ಮಾಡಿಸಬಹುದೇ ಅಂತ ಯಾರನ್ನೂ ಕೇಳಲಿಲ್ಲ. ಮಾರನೆಯ ವಾರದಿಂದ ಡೈರಿ ತೆಗೆಯುವ ಮೊದಲು ಭಸ್ತ್ರಿಕಾ ಕಡ್ಡಾಯ.

ಉಳಿದ ಮಕ್ಕಳಿಗೆ ಅದೊಂದು ಆಟ. ಸಿಂಚನಳ ಸ್ಥಿತಿ ಮಾತ್ರ ಕೆಟ್ಟಿತು. ಮೊದಲು ವಾರಕ್ಕೊಮ್ಮೆ ಕಾಣುತ್ತಿದ್ದದ್ದು ಈಗ ದಿನವೂ ಕಾಣತೊಡಗಿತು. ಜೋರಾಗಿ ಉಸಿರಾಡುತ್ತಾ ಆಡುತ್ತಾ ಸುಮ್ಮನಾಗಿಬಿಡುವಳು. ರೆಪ್ಪೆಗಳು ಪಟಪಟ ಅಂತ ಸಣ್ಣಗೆ ಅದುರುವವು. ಆಮೇಲೆ ಏನೂ ಆಗದ ಹಾಗೆ ಮತ್ತೆ ಉಸಿರು.

“ನೋಡಿದ್ರಾ, ಗಮನ ಎಷ್ಟು ಕಡಿಮೆ ಇದೆ,” ಅಂದಳು ಸೌಮ್ಯ. “ಇವಳಿಗೆ ಇನ್ನೂ ಜಾಸ್ತಿ ಬೇಕು.” ಎಲ್ಲರದೂ ಮುಗಿದ ಮೇಲೆ ಅವಳೊಬ್ಬಳನ್ನೇ ಮತ್ತೆ ಕೂರಿಸಿ ಮಾಡಿಸತೊಡಗಿದಳು. ನಾನು ಕಂಪನಿ ಬಸ್ಸಿಳಿದು ಬರುವಾಗ ಗೇಟಿನಾಚೆಯಿಂದಲೇ ಆ ಉಸಿರು ಕೇಳಿಸುತ್ತಿತ್ತು. ಒಂದೇ ಮಗುವಿನ ಉಸಿರು. ಅದು ನಿಂತಾಗ ನನ್ನ ಕಾಲೂ ನಿಲ್ಲುತ್ತಿತ್ತು.

ಒಂದು ದಿನ ಹುಡುಗಿಯೇ ಬಾಯಿ ಬಿಟ್ಟಳು. “ಮಿಸ್, ಇದು ಬೇಡ ಮಿಸ್. ಇದು ಮಾಡಿದ್ರೆ ನಂಗೆ ಕರೆಂಟ್ ಹೋಗಿ ಬಂದಂಗೆ ಆಗತ್ತೆ.”

“ಸೋಮಾರಿತನಕ್ಕೆ ಎಷ್ಟು ಚೆನ್ನಾಗಿ ಹೆಸರಿಡ್ತೀಯ,” ಅಂದಳು ನನ್ನ ಹೆಂಡತಿ. “ಸರಿಯಾಗಿ ಮಾಡಲ್ಲ ನೀನು, ಅದಕ್ಕೇ ಹಾಗಾಗೋದು. ಬೆನ್ನು ನೆಟ್ಟಗಿಟ್ಟು ಮಾಡು.”

ನನಗೆ ರೇಗಿತು. “ಮಗು ಬೇಡ ಅಂತಿದೆಯಲ್ಲೇ, ಬಿಟ್ಟುಬಿಡೇ!” ಅಂತ ಒಳಗಿನಿಂದ ಕೂಗಿದೆ. ನಿಮ್ಮ ಕಾರ್ಖಾನೆಗೆ ಬಂದು ನಾನು ಮಾತಾಡ್ತೀನಾ ಅಂತ ಉತ್ತರ ಬಂತು. ಅವಳು ಕೆಟ್ಟವಳಲ್ಲ. ಆ ಹುಡುಗಿಯ ಮೇಲೆ ಅವಳಿಗೆ ಪ್ರಾಣ. ತಾನು ಕಳೆದುಕೊಂಡ ಒಂದು ವರ್ಷವನ್ನು ಈ ಮಗು ಕಳೆದುಕೊಳ್ಳಬಾರದು ಅನ್ನುವ ಭಯ ಅವಳನ್ನು ಹಾಗೆ ಆಡಿಸುತ್ತಿತ್ತು.

ದಸರಾ ರಜೆ ಮುಗಿದ ಮೇಲೆ ಸೌಮ್ಯ ಇನ್ನೊಂದು ನಿರ್ಧಾರ ಮಾಡಿದಳು. “ಅಜ್ಜಿ ಬ್ಯಾಗ್ ಹೊತ್ಕೊಂಡು ಬರೋ ತನಕ ಇವಳಿಗೆ ಜವಾಬ್ದಾರಿ ಬರಲ್ಲ. ನಾಳೆಯಿಂದ ಸೈಕಲ್ಲಲ್ಲಿ ಒಬ್ಬಳೇ ಬರಲಿ,” ಅಂತ ಪ್ರಸಾದನಿಗೆ ಹೇಳಿದಳು. ದೇವಿರಮ್ಮ ಬೇಡ ಅಂದಳು. ನಾನೂ ಬೇಡ ಅಂದೆ. ಮಧ್ಯೆ ಡಬಲ್ ರೋಡು ಇದೆ, ಸಂಜೆ ಹೊತ್ತು ಸಿಟಿ ಬಸ್ಸು, ಮರಳು ಲಾರಿ, ಮನೆ ಸೇರುವ ಆತುರದ ಜನ. ಪ್ರಸಾದ್ ಮೇಡಂ ಮಾತು ಕೇಳಿದ. ಮಗಳಿಗೆ ಹೊಸ ಸೈಕಲ್ಲಿನ ಬೆಲ್ ಇಷ್ಟವಾಗಿತ್ತು.

ಅವತ್ತಿನಿಂದ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಸ್ಸಿಳಿದವನು ನೇರ ಮನೆಗೆ ಹೋಗದೆ, ಹುಡುಗಿ ಟ್ಯೂಷನ್ ಮುಗಿಸಿ ವಾಪಸು ದಾಟುವ ತನಕ ರಸ್ತೆ ಬದಿಯ ಎಳನೀರು ಗಾಡಿಯ ಹತ್ತಿರ ನಿಲ್ಲುತ್ತಿದ್ದೆ. ಇದನ್ನು ಸೌಮ್ಯಳಿಗೆ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದಳು.

ಅದಾಗಿದ್ದು ಒಂದು ಮೋಡದ ಸಂಜೆ. ನಮ್ಮ ಬೀದಿಯಿಂದ ಸಿಂಚನ ಸೈಕಲ್ಲಿನಲ್ಲಿ ಬಂದಳು. ನನ್ನನ್ನು ನೋಡಿ ಬೆಲ್ ಹೊಡೆದಳು. ರಸ್ತೆಯ ಅಂಚಿಗೆ ಬಂದಾಗ ಬಲಗಡೆಯಿಂದ ಬಸ್ಸು ಬರುತ್ತಿತ್ತು. ನಿಲ್ಲುತ್ತಾಳೆ ಅಂದುಕೊಂಡೆ. ದಿನವೂ ನಿಲ್ಲುತ್ತಿದ್ದಳು. ಅವಳ ಕಾಲು ಪೆಡಲಿನ ಮೇಲೆ ಸುಮ್ಮನಿತ್ತು, ಕೈ ಹ್ಯಾಂಡಲ್ ಮೇಲಿತ್ತು, ರೆಪ್ಪೆ ಅದುರುತ್ತಿತ್ತು. ಸೈಕಲ್ಲು ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು ರಸ್ತೆಯೊಳಗೆ ಉರುಳಿತು. “ಸಿಂಚನಾ!” ಅಂತ ಕಿರುಚಿದೆ. ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ಅವಳು ಹೆದರಲಿಲ್ಲ, ತಿರುಗಲಿಲ್ಲ, ವೇಗವಾಗಿಯೂ ಹೋಗಲಿಲ್ಲ. ನಾನು ಓಡಿ ಬ್ಯಾಗಿಗೆ ಕೈ ಹಾಕಿ ಎಳೆದೆ. ಬಸ್ಸು ಸೈಕಲ್ಲಿನ ಮುಂದಿನ ಚಕ್ರದ ಮೇಲೆ ಹತ್ತಿ ನಿಂತಿತು.

ನಾವಿಬ್ಬರೂ ಡಾಂಬರಿನ ಮೇಲೆ ಬಿದ್ದಿದ್ದೆವು. ಅವಳ ಮೊಣಕೈ ವಿಚಿತ್ರವಾಗಿ ಸೊಟ್ಟಗಾಗಿತ್ತು. ಅಳು ಬರುವ ಮೊದಲು ನನ್ನ ಮುಖ ನೋಡಿ ಕೇಳಿದಳು. “ಅಂಕಲ್, ನೀವು ಎಳನೀರು ಗಾಡಿ ಹತ್ರ ಇದ್ರಲ್ಲಾ?”

ಮೂಳೆಗೆ ಪಟ್ಟಿ ಹಾಕಿದ ಆಸ್ಪತ್ರೆಯಲ್ಲೇ ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ನರರೋಗದ ಡಾಕ್ಟರ ಹತ್ತಿರ ಕಳಿಸಿದರು. ನಾವೂ ಜೊತೆಗೆ ಹೋದೆವು. ಕಾಯುವ ಬೆಂಚಿನ ಮೇಲೆ ಪ್ರಸಾದ್ ನನ್ನ ಹೆಂಡತಿಗೆ ಕೈಮುಗಿದ. “ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ ಮೇಡಂ. ಮನೇವ್ರಿಗಿಂತ ಹೆಚ್ಚಾಗಿ ನೋಡ್ಕೊಂಡ್ರಿ.” ಸೌಮ್ಯ ಹುಡುಗಿಯ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಡಾಕ್ಟರಮ್ಮ ಒಂದು ಕಾಗದವನ್ನು ಸಿಂಚನಳ ಮುಖದ ಮುಂದೆ ಹಿಡಿದರು. “ಇದು ಅಲ್ಲಾಡ್ತಾನೇ ಇರ್ಬೇಕು ಪುಟ್ಟಿ. ಜೋರಾಗಿ ಉಸಿರು ಎಳ್ಕೊ, ಜೋರಾಗಿ ಊದು. ನಾನು ಹೇಳೋ ತನಕ ನಿಲ್ಲಿಸಬೇಡ.”

ಸೌಮ್ಯಳ ಕೈ ನನ್ನ ತೋಳನ್ನು ಹಿಡಿಯಿತು. ಕೋಣೆಯಲ್ಲಿ ಆ ಉಸಿರು ಶುರುವಾಯಿತು. ಕಾಗದ ಪಟಪಟ ಹಾರಿತು, ಹಾರಿತು, ಆಮೇಲೆ ನಿಂತಿತು. ಡಾಕ್ಟರಮ್ಮ ಹೆಸರು ಹಿಡಿದು ಕೂಗಿದರು. ಹುಡುಗಿ ಅಲ್ಲಿರಲಿಲ್ಲ. ನನ್ನ ತೋಳಿನ ಮೇಲೆ ಉಗುರುಗಳು ಇಳಿದವು.

“ಫಿಟ್ಸಲ್ಲಿ ಇದೂ ಒಂದು ಥರ,” ಅಂದರು ಡಾಕ್ಟರಮ್ಮ, ಹುಡುಗಿ ಮತ್ತೆ ಊದತೊಡಗಿದ ಮೇಲೆ. “ಬೀಳಲ್ಲ, ನೊರೆ ಬರಲ್ಲ, ಅದಕ್ಕೇ ಗಮನ ಇಲ್ಲ ಅಂದ್ಕೊಳ್ತಾರೆ. ಇನ್ನೊಂದು ಟೆಸ್ಟ್ ಮಾಡಿ ಮಾತ್ರೆ ಕೊಡ್ತೀವಿ, ಬಹಳಷ್ಟು ಮಕ್ಕಳಿಗೆ ಹತೋಟಿಗೆ ಬರತ್ತೆ. ಜೋರು ಉಸಿರಾಟ ಇದನ್ನ ಎಬ್ಬಿಸತ್ತೆ, ಅದಕ್ಕೇ ನಾನು ಊದಿಸಿ ನೋಡಿದ್ದು. ಮನೇಲಿ ಪ್ರಾಣಾಯಾಮ ಅಂತ ಏನಾದ್ರೂ ಮಾಡ್ತಾಳಾ?”

“ಇಲ್ಲ ಮೇಡಂ, ಅಂಥದ್ದೇನೂ ಇಲ್ಲ,” ಅಂದ ಪ್ರಸಾದ್. ಅವನಿಗೆ ಗೊತ್ತೇ ಇರಲಿಲ್ಲ.

ಸಿಂಚನ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಹೆಂಡತಿಯನ್ನು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಮಿಸ್ ದಿನಾ ಹೇಳಿಕೊಡ್ತಿದ್ರು. ನಾನೇ ಸರಿಯಾಗಿ ಮಾಡ್ತಿರ್ಲಿಲ್ಲ,” ಅಂದಳು. “ಸಾರಿ ಮಿಸ್. ಕೈ ವಾಸಿಯಾದ್ಮೇಲೆ ಇನ್ನೂ ಜಾಸ್ತಿ ಮಾಡ್ತೀನಿ.”

ಪ್ರಸಾದ್ ನಿಧಾನವಾಗಿ ಸೌಮ್ಯಳ ಕಡೆ ತಿರುಗಿದ. ಅವಳು ನನ್ನ ತೋಳು ಬಿಟ್ಟು ಕುರ್ಚಿಯಿಂದ ಎದ್ದಳು.

“ಸುಳ್ಳು, ಅವಳು ಸರಿಯಾಗೇ ಮಾಡ್ತಿದ್ಲು,” ಅಂದಳು. “ಬೇಡ ಮಿಸ್ ಅಂತ ಬಾಯಿ ಬಿಟ್ಟು ಹೇಳಿದ್ಲು ಪ್ರಸಾದ್. ನಾನೇ ಕೇಳ್ಲಿಲ್ಲ.”